ಬಾಗಿಲ ಹಿಡಿಗೆ ಕಟ್ಟಿದ ಕರವಸ್ತ್ರ

ಹಡಗಿನ ಪ್ರವಾಸವೆಂದರೆ ಸಮುದ್ರ, ಗಾಳಿ, ಆಕಾಶ ಎಂದುಕೊಂಡು ಬಂದವರಿಗೆ ಮೊದಲು ಸಿಗುವುದು ಓಣಿಗಳು. ಮುಗಿಯದ ಓಣಿಗಳು, ಎರಡೂ ಕಡೆ ಒಂದೇ ಅಚ್ಚಿನ ಬಾಗಿಲುಗಳು. ಗಂಡ ಮತ್ತು ಅತ್ತೆಯ ಜೊತೆ ಬಂದಿದ್ದ ಸೊಸೆಯೇ ಮೊದಲ ದಿನ ಯಾರದೋ ಬಾಗಿಲು ತಟ್ಟಿ ನಾಲಿಗೆ ಕಚ್ಚಿಕೊಂಡಿದ್ದಳು. ಇನ್ನು ಅತ್ತೆಗೋ, ಬಾಗಿಲ ನಂಬರು ಓದಲು ಕನ್ನಡಕ ಬೇಕು, ಕನ್ನಡಕ ಹಾಕಲು ಬಿಗುಮಾನ.

ಆದರೆ ಅವರ ತಲೆ ಚುರುಕು. ಓಣಿಯ ಜಮಖಾನೆಯ ತುಂಬ ಮೀನಿನ ಚಿತ್ರಗಳಿದ್ದವು. ಮೀನಿನ ಮೂತಿಯೆಲ್ಲ ಹಡಗಿನ ಮುಂಭಾಗದ ಕಡೆಗೇ ಎಂದು ಕೋಣೆ ಗುಡಿಸುವಾತ ಹೇಳಿಕೊಟ್ಟಿದ್ದ. ಅತ್ತೆ ತಮ್ಮ ಬಾಗಿಲ ಹಿಡಿಗೆ ಒಂದು ಕೆಂಪು ಕರವಸ್ತ್ರ ಕಟ್ಟಿದರು. ಊಟದ ಹಾಲ್‌ನಿಂದ ಮೀನಿನ ಬೆನ್ನು ಹಿಡಿದು ಹೊರಟರೆ ಕರವಸ್ತ್ರ ಸಿಗುತ್ತದೆ, ಅಲ್ಲೇ ತಮ್ಮ ಕೋಣೆ. ಸೊಸೆಗೂ ಅದೇ ಗುರುತಾಯಿತು.

ಮರುದಿನ ಬೆಳಿಗ್ಗೆ ಹಡಗು ಬಂದರು ಬಿಟ್ಟಿತು; ಮುಂದಿನ ದಡ ಮಾರನೆಯ ದಿನವೇ. ಮಧ್ಯಾಹ್ನ ಊಟ ಮುಗಿಸಿದ ಅತ್ತೆ ಸುಮ್ಮನೆ ಕೂರಬಾರದೇ? ಪಕ್ಕದ ಮೇಜಿನವರ ಎಂಜಲು ತಟ್ಟೆಗಳನ್ನೂ ಎತ್ತಿ ಒಂದರ ಮೇಲೊಂದು ಪೇರಿಸತೊಡಗಿದರು. ಬಡಿಸುವವನು ಗಾಬರಿಯಿಂದ ಓಡಿಬಂದ. ಸುತ್ತಲಿನವರು ತಿರುಗಿ ನೋಡಿದರು. ಸೊಸೆಗೆ ಪಿತ್ತ ನೆತ್ತಿಗೇರಿತು.

"ಅತ್ತೆ, ನಿಮ್ಮನ್ನ ಕರ್ಕೊಂಡು ಬಂದಿದ್ದೇ ತಪ್ಪಾಯ್ತು! ದಯವಿಟ್ಟು ರೂಮಿಗೆ ಹೋಗಿ."

ಅತ್ತೆ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟು ಹೊರಟುಹೋದರು.

ಕಾಫಿ ಕುಡಿದು ಸಿಟ್ಟಿಳಿದ ಮೇಲೆ ಸೊಸೆ ತಾನೂ ಕೋಣೆಗೆ ಹೊರಟಳು. ಎಷ್ಟು ನಡೆದರೂ ಕೆಂಪು ಕರವಸ್ತ್ರವಿಲ್ಲ. ನಂಬರು ನೋಡಿ ಬಾಗಿಲು ತೆಗೆದರೆ ಒಳಗೆ ಅತ್ತೆಯೂ ಇಲ್ಲ, ಹಾಸಿಗೆ ಸುಕ್ಕಾಗಿರಲಿಲ್ಲ. ಕೋಣೆ ಗುಡಿಸುವಾತ ಗಾಡಿ ತಳ್ಳಿಕೊಂಡು ಎದುರಾದ.

"ಆ ಕರವಸ್ತ್ರನಾ? ಒಗೆಯೋಕೆ ಹಾಕಿದೀರಿ ಅಂತ ನಾನೇ ಬಿಚ್ಕೊಂಡೆ ಮೇಡಂ. ಇಲ್ಲಿ ಎಲ್ರೂ ಒಗೆಯೋ ಬಟ್ಟೆ ಹಿಡಿಗೇ ತಾನೆ ನೇತು ಹಾಕೋದು!"

ಹಾಗಾದರೆ ಅತ್ತೆಗೆ ಕೋಣೆ ಸಿಕ್ಕೇ ಇಲ್ಲ! ಸೊಸೆ ಮೇಲಿನ ಡೆಕ್ಕಿಗೆ ಓಡಿದಳು. ಗಂಡರಾಯ ಮುಖದ ಮೇಲೆ ಟೋಪಿ ಮುಚ್ಚಿಕೊಂಡು ಬಿಸಿಲಿಗೆ ಬಿದ್ದುಕೊಂಡಿದ್ದ.

"ರೀ, ಅತ್ತೆ ಕಾಣ್ತಿಲ್ಲ!"

"ಹಡಗು ಬಿಟ್ಟು ಎಲ್ಲಿಗೆ ಹೋಗ್ತಾಳೆ ಬಿಡೇ. ಇಲ್ಲೇ ಎಲ್ಲೋ ಇರ್ತಾಳೆ."

ಹಡಗು ಬಿಟ್ಟು ಎಲ್ಲಿಗೆ ಹೋಗುತ್ತಾರೆ ಎಂಬುದೇ ಅವಳ ಭಯ. ಕಂಬಿಯಾಚೆ ಬಗ್ಗಿದರೆ ಕಣ್ಣು ಹಾಯಿಸಿದಷ್ಟೂ ನೀರು. ಅಂಥ ಮಾತಾಡಿ ಅಟ್ಟಿದವಳು ತಾನೇ. ಅದೇ ಕೊನೆಯ ಮಾತಾಗಿಬಿಟ್ಟರೆ?

ಆಗ ತಲೆಗೆ ಹೊಳೆಯಿತು: ಕರವಸ್ತ್ರ ಕಾಣದಿದ್ದರೆ ಅತ್ತೆ ನಿಲ್ಲುವವರಲ್ಲ, ಮೀನು ಹೋದತ್ತಲೇ ಹೋಗಿರುತ್ತಾರೆ. ಕೆಳಗಿಳಿದು ಓಣಿಯುದ್ದಕ್ಕೂ ಓಡಿದಳು. ಕೊನೆಯಲ್ಲಿ ಕೆಲಸಗಾರರಿಗೆ ಮಾತ್ರ ಎಂದು ಬರೆದ ಭಾರದ ಬಾಗಿಲು. ಭುಜ ಕೊಟ್ಟು ನೂಕಿದಳು.

ಒಳಗೆ ಇಸ್ತ್ರಿಯ ಬಿಸಿ ವಾಸನೆ, ಚಾವಣಿ ಮುಟ್ಟುವ ಬೆಡ್‌ಶೀಟಿನ ಅಟ್ಟಿಗಳು. ನಾಲ್ಕೈದು ಹೆಂಗಸರ ನಡುವೆ ಅತ್ತೆ ಒಂದು ಬೆಡ್‌ಶೀಟಿನ ಎರಡು ಮೂಲೆ ಹಿಡಿದು ಕೊಡವುತ್ತಾ ನಗುತ್ತಿದ್ದರು!

ಹೋದ ಜೀವ ಬಂದಂತಾಯಿತು. ಸೊಸೆ ಅಲ್ಲೇ ಬಟ್ಟೆಯ ಗಂಟಿನ ಮೇಲೆ ಕುಸಿದು ಕೂತು ಗೊಳೋ ಎಂದು ಅತ್ತಳು.

"ಅಯ್ಯೋ, ಯಾಕೇ ಅಳ್ತೀಯ? ನನ್ನ ಕರವಸ್ತ್ರ ಕದ್ದವರ ಮನೆಗೇ ಬಂದು ಸೇರಿದೀನಿ ನೋಡು!" ಎಂದರು ಅತ್ತೆ.

"ನಾನು ರೂಮಿಗೆ ಬಿಟ್ಟು ಬರ್ತೀನಿ ಅಂತ ಬಡ್ಕೊಂಡೆ," ಎಂದಳು ಅಲ್ಲಿನ ಹಿರಿಯ ಕೆಲಸದಾಕೆ. "ಈಯಮ್ಮ ಜಪ್ಪಯ್ಯ ಅಂದ್ರೂ ಒಪ್ಪಲಿಲ್ಲ."

"ಯಾಕತ್ತೆ?"

"ನೀನು ಹುಡುಕ್ಕೊಂಡು ಹೊರಟಿರ್ತೀಯ. ನಾನೂ ಓಡಾಡಿದ್ರೆ ಇಬ್ರೂ ತಪ್ಪಿಸ್ಕೋತೀವಿ ಅಂತ ಇಲ್ಲೇ ಇದ್ದೆ."

"ಅಷ್ಟು ಬೈದು ಕಳ್ಸಿದ್ನಲ್ಲ. ಬರಲ್ಲ ಅನ್ನಿಸ್ಲಿಲ್ವಾ?"

ಅತ್ತೆಗೆ ಆ ಪ್ರಶ್ನೆಯೇ ಅರ್ಥವಾದಂತೆ ಕಾಣಲಿಲ್ಲ.

"ನನ್ನ ಮಗ ಆಗಿದ್ರೆ ನಾಳೆ ದಡ ಬಂದ್ಮೇಲೆ ಹುಡುಕ್ತಿದ್ದ. ನೀನು ಬರದೆ ಇರ್ತೀಯೇನೇ?" ಎಂದವರೇ, "ಎದ್ದೇಳು, ಆ ಕಡೆ ತುದಿ ಹಿಡ್ಕೋ. ಇದು ಒಬ್ಬರ ಕೈಲಿ ಆಗೋ ಕೆಲಸ ಅಲ್ಲ," ಎಂದರು.