ಮದುವೆಯ ಡಿಸ್ಕ್

ಅಂಗಡಿಯವನು ಮೂರನೆಯ ಡಬ್ಬವನ್ನೂ ಗಾಜಿನ ಮೇಜಿನ ಮೇಲೆ ತಂದಿಟ್ಟಾಗ ಕನ್ನಡಕದವನು ಬಾಗಿಲ ಕಡೆ ನೋಡಿದ. ಎರಡು ಡ್ರೈವ್‌ಗಳು ಕಂಪ್ಯೂಟರಿನ ಒಳಗೆ ಕೂರಿಸುವಂಥವು, ಒಂದು ಹೊರಗಿನಿಂದ ವೈರು ಸಿಕ್ಕಿಸುವಂಥದ್ದು. ಮೂರೂ ಡಿಸ್ಕ್ ಓದುತ್ತವೆ, ಮೂರೂ ಡಿಸ್ಕ್ ಬರೆಯುತ್ತವೆ. ಬೇಡವೆನ್ನಲು ಏನಾದರೊಂದು ನೆಪ ಸಿಕ್ಕೀತೇ ಎಂದು ಅವನು ಮೊದಲನೆಯದನ್ನು ಎತ್ತಿ ತೆಂಗಿನಕಾಯಿ ನೋಡುವವನ ಹಾಗೆ ಕಿವಿಯ ಹತ್ತಿರ ಅಲ್ಲಾಡಿಸಿದ. ಅಂಗಡಿಯವನು ನಗು ತಡೆದುಕೊಂಡ.

ಪಕ್ಕದಲ್ಲಿ ನಿಂತಿದ್ದವರು ಅವನ ತಂಗಿಯ ಗಂಡ. ಶಾಲೆಯಲ್ಲಿ ಮಕ್ಕಳನ್ನು ಓಡಿಸುವ, ಕುಣಿಸುವ ಕೆಲಸ. ಮನೆಯವರೆಲ್ಲ ಕರೆಯುವುದೇ ಪೀಟಿ ಮೇಷ್ಟ್ರು ಎಂದು. ಭಾನುವಾರ ಬೆಳಿಗ್ಗೆಯೇ ಬಂದು, "ಇವತ್ತು ಆ ಡ್ರೈವ್ ತಗೊಂಡೇ ಬಿಡೋಣ ಭಾವ," ಎಂದು ಅವನನ್ನು ಎಬ್ಬಿಸಿಕೊಂಡು ಬಂದಿದ್ದರು. ಅವರ ತಾಯಿ ಮದುವೆಯ ಹೊತ್ತಿಗೆ ಸೊಂಟ ಮುರಿದುಕೊಂಡು ಆಸ್ಪತ್ರೆಯಲ್ಲಿದ್ದರು. ಒಬ್ಬನೇ ಮಗನ ಮದುವೆಯನ್ನು ಕಣ್ಣಾರೆ ನೋಡಲಿಲ್ಲ. ಅವರಿಗೆ ಗೊತ್ತಿರುವುದು ಟೀವಿಯ ಕೆಳಗಿನ ಡಿಸ್ಕ್ ಪೆಟ್ಟಿಗೆಯೊಂದೇ. ಕಂಪ್ಯೂಟರಿನ ಮುಂದೆ ಬಂದು ಕೂರಲು ಈಗ ಕೈಲಾಗುವುದೂ ಇಲ್ಲ.

ಮದುವೆಯ ವೀಡಿಯೊ ಇದ್ದದ್ದು ಕನ್ನಡಕದವನ ಬಳಿ. ಬೇರೆಯವರನ್ನು ಕರೆಸಿ ಯಾಕೆ ದುಡ್ಡು ದಂಡ, ನಾನಿದ್ದೀನಲ್ಲ ಎಂದು ಎದೆ ತಟ್ಟಿಕೊಂಡು ಹೊಸ ಕ್ಯಾಮೆರಾ ಹಿಡಿದು ಮದುವೆಯಿಡೀ ಓಡಾಡಿದ್ದವನು ಅವನೇ. ಓಡಾಡಿದ್ದೇನೋ ನಿಜ. ಆದರೆ ಆ ಕ್ಯಾಮೆರಾದಲ್ಲಿ ರೆಕಾರ್ಡ್ ಆಗುವಾಗ ಒಂದು ಕೆಂಪು ದೀಪ ಹೊತ್ತುತ್ತಿತ್ತು. ಕೆಂಪು ದೀಪ ಅಂದರೆ ನಿಂತಿದೆ ಅಂತಲ್ಲವೇ ಲೋಕದಲ್ಲೆಲ್ಲ? ಅವನೂ ಹಾಗೇ ತಿಳಿದ. ದೀಪ ಹೊತ್ತಿಕೊಂಡರೆ ಕ್ಯಾಮೆರಾ ಇಳಿಸಿದ, ಆರಿದರೆ ಎತ್ತಿ ಹಿಡಿದ. ಉಂಗುರ ತೊಡಿಸುವಾಗ, ಹಿರಿಯರು ಹರಸುವಾಗ, ತಂಗಿ ಕಣ್ಣೊರೆಸಿಕೊಳ್ಳುವಾಗ ಕ್ಯಾಮೆರಾ ತಣ್ಣಗೆ ಮಲಗಿತ್ತು. ಹೆಗಲಿನಿಂದ ಜೋತಾಡುವಾಗಲೆಲ್ಲ ಕಣ್ಣು ಬಿಟ್ಟು ನೆಲ ನೋಡಿತ್ತು. ಕನ್ನಡಕದ ಅಂಗಡಿ ಇಟ್ಟುಕೊಂಡು ಊರವರಿಗೆಲ್ಲ ಸರಿಯಾಗಿ ಕಾಣುವ ಹಾಗೆ ಮಾಡುವ ಮಹಾನುಭಾವನ ಕೆಲಸ ಇದು!

ಅಷ್ಟೇ ಆಗಿದ್ದರೆ ಎಲ್ಲರ ಮುಂದೆ ನಗೆಪಾಟಲಾಗಿ ಮುಗಿಸಿಬಿಡುತ್ತಿದ್ದ. ಕ್ಯಾಮೆರಾಕ್ಕೆ ಕಿವಿಯೂ ಇತ್ತು. ಊಟದ ಕೋಣೆಯ ಬಾಗಿಲಲ್ಲಿ ನಿಂತು ಅವನು ಹೆಂಡತಿಯ ಹತ್ತಿರ ಹೊಟ್ಟೆಯೊಳಗಿನದನ್ನೆಲ್ಲ ಕಕ್ಕಿದ್ದನ್ನು ಅದು ಒಂದಕ್ಷರ ಬಿಡದೆ ಹಿಡಿದುಕೊಂಡಿತ್ತು. ತಾನು ಆಡಿದ್ದು ಮದುವೆ ಗಂಡಿನ ಬಗ್ಗೆ. ಆ ಮಾತು ತಂಗಿಯ ಕಿವಿಗೆ ಬಿದ್ದರೆ ಆಕೆ ತನ್ನ ಹೊಸ್ತಿಲು ತುಳಿಯುವುದಿಲ್ಲ ಎಂಬುದು ಅವನಿಗೆ ಖಾತ್ರಿಯಿತ್ತು. ಅಳಿಸಿಬಿಡೋಣವೆಂದರೆ, ಅದರಲ್ಲೇ ಒಂದು ಕಡೆ ತಂಗಿ ನಗುತ್ತಾ "ಅಣ್ಣಾ, ಇಲ್ಲಿ ನೋಡೋ," ಎಂದು ಕರೆಯುವ ದನಿ. ಆ ದಿನದ್ದು ಅಂತ ಉಳಿದಿದ್ದು ಅದೊಂದೇ. ಕೈ ಬರಲಿಲ್ಲ.

ಹೀಗಾಗಿ ನೆಪಗಳು ಶುರುವಾದವು. ಕಂಪ್ಯೂಟರ್ ಹಳೆಯದು, ಅಷ್ಟು ದೊಡ್ಡ ವೀಡಿಯೊ ತಡೆಯಲ್ಲ ಎಂದ, ತಂಗಿ ಕಾದಳು. ಮೆಮೊರಿ ಹಾಕಿಸಿದ. ಹಾರ್ಡ್‌ಡಿಸ್ಕ್ ಬದಲಾಯಿಸಿದ. ಫ್ಯಾನು ಸದ್ದು ಮಾಡುತ್ತೆಂದು ಅದನ್ನೂ ಬದಲಾಯಿಸಿದ. ಒಂದು ಡಿಸ್ಕ್ ಕೊಡದಿರುವ ಸಲುವಾಗಿ ಆ ಕಂಪ್ಯೂಟರ್ ವರ್ಷ ವರ್ಷಕ್ಕೂ ಮೈ ತುಂಬಿಕೊಂಡು ಮದುಮಗನಂತಾಗಿತ್ತು. ಉಳಿದಿದ್ದು ಡಿಸ್ಕ್ ಬರೆಯುವ ಡ್ರೈವ್ ಇಲ್ಲವೆಂಬ ನೆಪ ಒಂದೇ. ಅದಕ್ಕೂ ಈಗ ಕುತ್ತು ಬಂದಿತ್ತು.

"ಒಳಗೆ ಕೂರೋದೇ ಒಳ್ಳೇದು," ಎಂದ ಅವನು. ಅದಾದರೆ ಪೆಟ್ಟಿಗೆ ಬಿಚ್ಚುವವನು ಬರಬೇಕು, ಅವನು ಇವತ್ತು ನಾಳೆ ಎನ್ನಬೇಕು. ಪೀಟಿ ಮೇಷ್ಟ್ರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಹೊರಗಿನದನ್ನೇ ಎತ್ತಿಕೊಂಡರು. ಇದಾದರೆ ಹೋದ ತಕ್ಷಣ ಸಿಕ್ಕಿಸಬಹುದು, ನಾಳೆ ಅಮ್ಮನಿಗೆ ಡಾಕ್ಟರ ಹತ್ತಿರ ಹೋಗುವುದಿದೆ, ಇವತ್ತು ರಾತ್ರಿ ನೋಡಿದರೆ ಖುಷಿಯಾಗಿರುತ್ತಾರೆ ಎಂದರು. ಇದು ನಿಧಾನವಲ್ಲವೇ, ವೈರು ಸಡಿಲವಲ್ಲವೇ ಎಂದು ಅವನು ಇನ್ನೂ ಏನೇನೋ ಹೇಳಿ ಮೂಗು ಮುರಿದ. ಅಂಗಡಿಯವನು ಒಂದೊಂದಕ್ಕೂ ಸಮಾಧಾನ ಹೇಳಿ ಡಬ್ಬವನ್ನು ಚೀಲಕ್ಕೆ ಹಾಕಿಯೇಬಿಟ್ಟ.

ಮನೆಯಲ್ಲಿ ತಂಗಿ ಆಗಲೇ ಕುರ್ಚಿ ಎಳೆದುಕೊಂಡು ಕಂಪ್ಯೂಟರಿನ ಮುಂದೆ ಕೂತಿದ್ದಳು. ಮಡಿಲಲ್ಲಿ ಖಾಲಿ ಡಿಸ್ಕುಗಳ ಪೊಟ್ಟಣ. ಅಡುಗೆಮನೆಯ ಬಾಗಿಲಲ್ಲಿ ನಿಂತ ಹೆಂಡತಿ ಅವನನ್ನೊಮ್ಮೆ ನೋಡಿ ತಲೆ ತಗ್ಗಿಸಿದಳು. ಹೇಳಿಬಿಡಿ ಹೇಳಿಬಿಡಿ ಎಂದು ನಾಲ್ಕು ವರ್ಷದಿಂದ ಬಡಿದುಕೊಂಡವಳು ಅವಳು.

ಮೇಷ್ಟ್ರು ವೈರು ಸಿಕ್ಕಿಸಿದರು. ಡ್ರೈವಿನ ತಟ್ಟೆ ಸರಕ್ಕನೆ ಹೊರಗೆ ಬಂತು. ತಂಗಿ ಡಿಸ್ಕಿಟ್ಟು ತಳ್ಳಿದಳು. ಇನ್ನು ವೀಡಿಯೊ ಯಾವುದೆಂದು ತೋರಿಸಬೇಕಿತ್ತು, ಅಷ್ಟೇ. ಅವನ ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ. ಕಿಟಕಿಗೆ ಹೋದ, ನೀರು ಕುಡಿದ, ಮತ್ತೆ ಬಂದ.

"ಪುಟ್ಟೀ," ಎಂದ ಕಡೆಗೆ. "ಅದರಲ್ಲಿ ಮದುವೆ ಇಲ್ಲ ಕಣೇ."

ನಿಂತಲ್ಲೇ ಕೆಂಪು ದೀಪದ ಕಥೆ ಹೇಳಿದ. ಅವಳಿಗೆ ಮೊದಲು ನಂಬಿಕೆಯೇ ಬರಲಿಲ್ಲ. ಆಮೇಲೆ ಮುಖ ಸಣ್ಣದಾಯಿತು. ಆದರೂ, ಇದ್ದದ್ದನ್ನಾದರೂ ನೋಡೋಣ ಹಾಕು ಎಂದಳು. ಅವನು ಹಾಕಿದ.

ತೆರೆಯ ತುಂಬ ನೆಲ ತೂಗಾಡಿತು. ಕುರ್ಚಿಯ ಕಾಲು, ಚೆಲ್ಲಿದ ಹೂವು, ಯಾರದೋ ಚಪ್ಪಲಿ. ಚಿಕ್ಕಮ್ಮನ ಊದಿದ ಪಾದವನ್ನು ತಂಗಿ ಗುರುತಿಸಿದಳು. ಎರಡೂ ಕಾಲಿಗೆ ಬೇರೆ ಬೇರೆ ಬಣ್ಣದ ಕಾಲುಚೀಲ ಹಾಕಿದ್ದ ಮಾವನನ್ನು ಕಂಡು ಅವಳಿಗೆ ನಗು ಉಕ್ಕಿತು. "ಅಣ್ಣಾ, ಇಲ್ಲಿ ನೋಡೋ," ಎಂದು ಅವಳದೇ ದನಿ ಬಂದಾಗ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಒಂದು ಗಳಿಗೆ ಅವನಿಗೆ ಎದೆ ಹಗುರವಾಯಿತು.

ಅಷ್ಟರಲ್ಲಿ ಊಟದ ಕೋಣೆಯ ಬಾಗಿಲು ಬಂತು. ಹೊಸ್ತಿಲನ್ನು ನೋಡುತ್ತಲೇ ಅವನ ಕೈ ಮೌಸಿನ ಕಡೆ ಹೋಯಿತು. ಒಬ್ಬನೇ ನೋಡುವಾಗಲೂ ಅವನು ನಿಲ್ಲಿಸುತ್ತಿದ್ದದ್ದು ಇಲ್ಲಿಯೇ. ಮೊದಲ ಸಲ ತನ್ನ ಮಾತು ಕೇಳಿ ನಿಲ್ಲಿಸಿದ ಮೇಲೆ ಮುಂದಕ್ಕೆ ಹೋಗುವ ಧೈರ್ಯ ಯಾವತ್ತೂ ಬಂದಿರಲಿಲ್ಲ.

ಮೇಷ್ಟ್ರು ಅವನ ಮಣಿಕಟ್ಟಿನ ಮೇಲೆ ಮೆಲ್ಲಗೆ ಕೈಯಿಟ್ಟರು. "ಇರ್ಲಿ ಬಿಡಿ ಭಾವ. ಓಡ್ಲಿ."

ಕಂಪ್ಯೂಟರಿನೊಳಗಿನಿಂದ ಅವನದೇ ದನಿ ಹೊರಬಂತು. "ಇವಳ ಓದಿಗೆ, ಇವಳ ಬುದ್ಧಿಗೆ, ಸೀಟಿ ಊದ್ಕೊಂಡು ತಿರುಗೋನು ಗಂಟುಬಿದ್ದ ನೋಡು. ಎರಡು ವರ್ಷದಲ್ಲಿ ಅಳ್ತಾ ವಾಪಸ್ ಬರ್ತಾಳೆ, ಬೇಕಾದ್ರೆ ಬರೆದಿಟ್ಕೋ." ಮೆಲ್ಲಗೆ ಮಾತಾಡಿ ಎಂದು ಹೆಂಡತಿ ಗದರುವುದೂ ಕೇಳಿಸಿತು.

ಅವನಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ತಂಗಿ ತಿರುಗಿ ತನ್ನತ್ತ ನೋಡುತ್ತಾಳೆಂದು ಕಾದ. ಅವಳು ತಿರುಗಲಿಲ್ಲ, ತೆರೆಯತ್ತ ಇನ್ನಷ್ಟು ಬಾಗಿದಳು. ಕ್ಯಾಮೆರಾ ಅವನ ಬೆನ್ನ ಹಿಂದಕ್ಕೆ ಹೊರಳಿತ್ತು. ಅಲ್ಲಿ, ಎರಡೇ ಮಾರು ದೂರದಲ್ಲಿ, ಮಿರಮಿರ ಮಿಂಚುವ ಒಂದು ಜೊತೆ ಕಪ್ಪು ಶೂ ನಿಂತಿತ್ತು.

"ಇದು ನಿಮ್ದಲ್ವಾ?" ಎಂದಳು ಗಂಡನಿಗೆ.

"ಹೂಂ. ಭಾವನ್ನ ಊಟಕ್ಕೆ ಕರಿಯೋಕೆ ಬಂದಿದ್ದೆ," ಎಂದರು ಮೇಷ್ಟ್ರು.

ತೆರೆಯ ಮೇಲೆ ಆ ಶೂ ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಒಂದು ಹೆಜ್ಜೆ ಹಿಂದೆ ಸರಿಯಿತು. ಇನ್ನೊಂದು ಹೆಜ್ಜೆ. ಹಿಮ್ಮಡಿ ನೆಲಕ್ಕೆ ತಾಗಿ ಸದ್ದಾಗದ ಹಾಗೆ ತುದಿಗಾಲಲ್ಲೇ ತಿರುಗಿ, ಬಂದ ದಾರಿಯಲ್ಲಿ ಹೊರಟುಹೋಯಿತು.