ಪೀಪಾಯಿಯ ತಳ

"ಇವತ್ತ ನಿನ್ನ ಗದ್ದಿ ಮೊದ್ಲ ಮುಗ್ಸೂಣು," ಎಂದ ಮಡಿವಾಳಪ್ಪ, ಔಷಧ ಹೊಡೆಯುವ ಪಂಪಿನ ಪಟ್ಟಿಯನ್ನು ಹೆಗಲಿಗೇರಿಸಿಕೊಳ್ಳುತ್ತ.

ಪೀಪಾಯಿಯ ನೀರಿಗೆ ಔಷಧದ ಪುಡಿ ಸುರಿಯುತ್ತಿದ್ದ ತಮ್ಮ ಮಧುಕೇಶ್ವರನ ಕೈ ತಡೆಯಿತು.

"ಎಲ್ಲೆರ ಉಂಟೇನಣ್ಣಾ? ಹಿರ್ಯಾ ನೀನು. ನಿಂದ ಮೊದ್ಲ ಆಗ್ಲಿ."

"ಹೋದ ಸಲ ನಂದ ಮೊದ್ಲ ಆಗೇತಲ್ಲ."

"ನನ್ನ ಗದ್ದಿಗೇನ ಅವಸರ? ನಿನ್ನ ಗದ್ದ್ಯಾಗ ಹುಳ ಭಾಳ ಐತಿ."

"ಐತಿ," ಎಂದ ಮಡಿವಾಳಪ್ಪ. "ನಾನೂ ಅದನ್ನ ನೋಡಾಕತ್ತೇನಿ."

ಬನವಾಸಿ ಕಡೆಯ ಆ ಊರಿಗೆ ಬೆನ್ನಿಗೆ ಕಟ್ಟುವ ಪಂಪು ಬಂದದ್ದು ೧೯೬೨ರ ಆ ಮಳೆಗಾಲದಲ್ಲೇ. ಮನೆ ಬೇರೆಯಾಗಿದ್ದರೂ ಅಣ್ಣ ತಮ್ಮ ಕೂಡಿಯೇ ತಂದಿದ್ದರು. ಶಿರಸಿಗೆ ಹೋಗಿ ಬಳಸುವುದನ್ನು ಕಲಿತು ಬಂದವನು ತಮ್ಮ. ಹಾಗಾಗಿ ಕಲಸಿ ತುಂಬಿಕೊಡುವುದು ಅವನ ಕೆಲಸ, ಎರಡೂ ಗದ್ದೆಗೆ ಹೊತ್ತು ಹೊಡೆಯುವುದು ಅಣ್ಣನದು. "ಈ ಪುಡಿ ಕರಗಂಗಿಲ್ಲಣ್ಣಾ, ತಳಕ್ಕ ಕುಂದರ್ತೈತಿ. ಕೋಲು ತಳ ಮುಟ್ಟಿ ತಿರುವತಿರಬೇಕು," ಎಂದು ಹೇಳಿದವನೂ ತಮ್ಮನೇ.

ಹೋದ ಸಲ ಎರಡೂ ಗದ್ದೆಗೆ ಒಂದೇ ಪೀಪಾಯಿ ಕಲಸಿದ್ದರು. ಅಣ್ಣನ ಗದ್ದೆಯೇ ಮೊದಲಾಗಲೆಂದ ತಮ್ಮ ತನ್ನ ಹಿರಿತನಕ್ಕೆ ಮರ್ಯಾದೆ ಕೊಟ್ಟನೆಂದು ಮಡಿವಾಳಪ್ಪ ಹಿಗ್ಗಿದ್ದ. ಅವನು ತನ್ನ ಗದ್ದೆಗೆ ಹೊಡೆಯುವಷ್ಟು ಹೊತ್ತೂ ತಮ್ಮ ಬದುವಿನ ಮೇಲೆ ಕೂತು, ಕೋಲಾಡಿಸುತ್ತ, ಊರ ಸುದ್ದಿ ಕೂಗಿ ಹೇಳುತ್ತಿದ್ದ. ಪೀಪಾಯಿಯ ನೀರು ಸಳಸಳ ಅನ್ನುತ್ತಿತ್ತು.

ಈಗ ಮಡಿವಾಳಪ್ಪನ ಗದ್ದೆಯಲ್ಲಿ ಭತ್ತದ ಸುಳಿಗಳು ಒಣಗಿ, ಎಳೆದರೆ ಕೈಗೆ ಬರುತ್ತಿದ್ದವು. ಬದುವಿನಾಚೆ ತಮ್ಮನ ಪೈರು ದಟ್ಟ ಹಸಿರಾಗಿ ನಿಂತಿತ್ತು. ನಿನ್ನೆ ಹೆಂಡತಿ ಗಿರಿಜವ್ವ ಒಣಗಿದ ಸುಳಿಗಳನ್ನು ಉಡಿಯಲ್ಲಿ ತಂದು ಅವನ ಮುಂದೆ ಸುರಿದಿದ್ದಳು.

"ಒಂದ ಔಷಧ, ಒಂದ ಪಂಪು. ಹುಳಕ್ಕ ನಿಮ್ಮ ಬದು ಹ್ಯಾಂಗ ಗೊತ್ತಾತ್ರಿ?"

ಆಗ ಅವನಿಗೆ ನೆನಪಾದದ್ದು ಪಂಪಿನ ಮೂತಿ. ತನ್ನ ಗದ್ದೆಯಲ್ಲಿ ಅದು ಒಮ್ಮೆಯೂ ಕಟ್ಟಿರಲಿಲ್ಲ. ತಮ್ಮನ ಗದ್ದೆಗೆ ಇಳಿದ ಮೇಲೆ ಪುಡಿ ಸಿಕ್ಕಿಕೊಂಡು ಮತ್ತೆ ಮತ್ತೆ ಕಟ್ಟಿತ್ತು. ಹೊಸ ಪಂಪನ್ನು ಬೈಯುತ್ತ ಕಡ್ಡಿ ಹಾಕಿ ಬಿಡಿಸಿದ್ದ.

"ತುಂಬು," ಎಂದ ಮಡಿವಾಳಪ್ಪ.

ಮಧುಕೇಶ್ವರ ಪಂಪು ತುಂಬಿಕೊಟ್ಟ. ಮಡಿವಾಳಪ್ಪ ಬದು ದಾಟಿ ತಮ್ಮನ ಗದ್ದೆಗಿಳಿದ. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಬೆನ್ನ ಹಿಂದೆ ಸದ್ದು ಕೇಳಿಸಿತು. ಠಣ್, ಠಣ್. ಕೋಲಿನ ತುದಿ ಪೀಪಾಯಿಯ ತಗಡಿನ ತಳಕ್ಕೆ ಬಡಿಯುತ್ತಿತ್ತು. ಹೋದ ಸಲ ತನ್ನ ಗದ್ದೆಯಲ್ಲಿ ಅಷ್ಟು ಹೊತ್ತಿನಲ್ಲಿ ಒಮ್ಮೆಯೂ ಅವನು ಈ ಸದ್ದು ಕೇಳಿರಲಿಲ್ಲ.

ಪಂಪಿನ ಹಿಡಿಕೆಯ ಮೇಲೆ ಅವನ ಕೈ ನಿಂತುಬಿಟ್ಟಿತು.

"ಯಾಕಣ್ಣಾ, ಮೂತಿ ಕಟ್ಟೇತೇನು?" ತಮ್ಮ ಬದುವಿನಿಂದ ಕೂಗಿದ.

ಮಡಿವಾಳಪ್ಪ ತಿರುಗಿ ನೋಡಲಿಲ್ಲ.

"ಇಲ್ಲ. ಇವತ್ತ ಚಲೋ ಬರಾಕತ್ತೈತಿ."

ಮತ್ತೆ ಹಿಡಿಕೆ ಒತ್ತತೊಡಗಿದ. ತಮ್ಮನ ಪೈರಿನ ಎಲೆಗಳ ಮೇಲೆ ಬಿಳಿ ಹನಿಗಳು ಒಂದೇ ಸಮ ಕೂರುತ್ತ ಹೋದವು.