ನಲವತ್ತು ಅಂಕದ ಹಾಳೆ

"ಮೇಡಂ, ನನ್ನ ಆ ಟೆಸ್ಟ್ ಪೇಪರ್ ಒಂದ್ಸಲ ನೋಡ್ಬಹುದಾ?"

ಊಟದ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದ ಯಶೋಧಾ ಕೈ ನಿಲ್ಲಿಸಿದರು. ಬಾಗಿಲಲ್ಲಿ ಚೈತ್ರಾ ನಿಂತಿದ್ದಳು, ಬಿ.ಎಸ್ಸಿ. ಮೊದಲ ವರ್ಷದ ಹುಡುಗಿ. ಅವಳ ಹಿಂದೆ ವರಾಂಡದ ಬೆಂಚಿನ ಮೇಲೆ ಅವಳ ತಾಯಿ ದುಗ್ಗಮ್ಮ ಬಟ್ಟೆಯ ಚೀಲವೊಂದನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಗಂಟೆ ಎರಡೂಕಾಲು. ಬೆಳಗ್ಗೆಯಿಂದ ನಾಲ್ಕು ತರಗತಿ ನಿಂತೇ ಪಾಠ ಮಾಡಿ ಯಶೋಧಾ ಅವರ ಕಾಲು ಸೋತುಹೋಗಿತ್ತು. ಯಾರ ಜೊತೆಗೂ ಮಾತು ಬೇಕಿರಲಿಲ್ಲ, ಈ ಹುಡುಗಿಯ ಜೊತೆಯಂತೂ ಬೇಡವೇ ಬೇಡ.

"ಯಾವ ಪೇಪರ್?" ಎಂದರು, ಗೊತ್ತಿದ್ದೂ.

"ಸೇರೋವಾಗ ಕೊಟ್ರಲ್ಲ ಮೇಡಂ. ನಲ್ವತ್ತು ಮಾರ್ಕ್ಸಿಂದು."

ಆ ಪರೀಕ್ಷೆ ಯಶೋಧಾ ಅವರದೇ ಏರ್ಪಾಡು. ಹನ್ನೊಂದು ವರ್ಷದ ಹಿಂದೆ ಈ ಕಾಲೇಜಿಗೆ ಅತಿಥಿ ಉಪನ್ಯಾಸಕಿಯಾಗಿ ಬಂದಾಗ, ಪಿಯುಸಿ ಅಂಕ ನಂಬಿ ಗಣಿತಕ್ಕೆ ಸೇರಿಸಿಕೊಂಡ ಮಕ್ಕಳು ಸಾಲಾಗಿ ಫೇಲಾಗುವುದನ್ನು ಕಂಡು, ಎಂಟು ಪ್ರಶ್ನೆಗಳ ಒಂದು ಹಾಳೆ ಮಾಡಿದ್ದರು. ಇಪ್ಪತ್ತು ಬಂದವರಿಗೆ ಗಣಿತ, ಬಾರದವರಿಗೆ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ. ಪ್ರತಿ ವರ್ಷ ಅದೇ ಪ್ರಶ್ನೆಗಳಾದ್ದರಿಂದ ಉತ್ತರದ ಹಾಳೆ ವಾಪಸು ಕೊಡುವ ಪದ್ಧತಿ ಇರಲಿಲ್ಲ, ಸುತ್ತಿ ಕಟ್ಟಿ ಬೀರುವಿನಲ್ಲಿಡುತ್ತಿದ್ದರು. ಹತ್ತೊಂಬತ್ತು ಬಂದ ಹುಡುಗನೊಬ್ಬ ದೊಡ್ಡವರ ಶಿಫಾರಸು ಪತ್ರ ಹಿಡಿದು ಬಂದಾಗಲೂ ಬಗ್ಗಿರಲಿಲ್ಲ. ಗಟ್ಟಿ ಹೆಂಗಸು ಎಂದು ಸ್ಟಾಫ್ ರೂಮಿನಲ್ಲಿ ಹೆಸರಾಗಿತ್ತು. ಆ ಹೆಸರು ಅವರಿಗೆ ಇಷ್ಟವೂ ಆಗಿತ್ತು.

ಈ ವರ್ಷ ಪ್ರಾಂಶುಪಾಲ ಮಂಜುನಾಥಪ್ಪ ಮೊದಲೇ ಕರೆದು ಹೇಳಿದ್ದರು. "ಹದಿನೈದು ಮಕ್ಕಳು ಆಗ್ಲಿಲ್ಲ ಅಂದ್ರೆ ಗಣಿತ ನಡ್ಸಕ್ಕಾಗಲ್ಲ ಯಶೋಧಾ ಅವ್ರೇ. ಆಮೇಲೆ ನಿಮ್ಮನ್ನ ಇಟ್ಕೊಳ್ಳೋದು ನನ್ನ ಕೈಲಿಲ್ಲ." ಒಳ್ಳೆಯ ಮನುಷ್ಯ, ಮುಖ ನೋಡದೆ ಕಿಟಕಿ ನೋಡುತ್ತ ಹೇಳಿದ್ದರು. ಪರೀಕ್ಷೆ ಆಯಿತು. ಇಪ್ಪತ್ತು ಬಂದವರು ಹದಿನಾಲ್ಕೇ ಜನ. ನಲವತ್ತಮೂರನೇ ವಯಸ್ಸಿಗೆ ಇನ್ನೊಂದು ಕಾಲೇಜು ಹುಡುಕುವುದು, ಮನೆಯಿರುವ ಸಾಗರದಿಂದ ಇನ್ನೊಂದು ದಿಕ್ಕಿನ ಬಸ್ಸು ಹಿಡಿಯುವುದು, ಮತ್ತೆ ಎಲ್ಲರಿಗೂ ನಮಸ್ಕಾರ ಹಾಕುವುದು. ನೆನೆದರೇ ಸುಸ್ತಾಗಿತ್ತು. ಪಟ್ಟಿ ಬರೆಯುವಾಗ ಚೈತ್ರಾಳ ಹೆಸರಿನ ಮುಂದೆ ಹನ್ನೆರಡು ಹೋಗಿ ಇಪ್ಪತ್ತೊಂದಾಯಿತು. ಯಾರಾದರೂ ಕೇಳಿದರೆ ಕಣ್ತಪ್ಪು ಎನ್ನಬಹುದಿತ್ತು, ಯಾರೂ ಕೇಳಲಿಲ್ಲ.

ಆಗಿನಿಂದ ಆರು ವಾರ. ಹುಡುಗಿ ಮುಂದಿನ ಬೆಂಚಿನಲ್ಲೇ ಕೂರುತ್ತಾಳೆ. ಬೋರ್ಡಿನ ಮೇಲಿದ್ದುದನ್ನೆಲ್ಲ ಬರೆದುಕೊಳ್ಳುತ್ತಾಳೆ, ಒಂದೂ ತಲೆಗೆ ಹೋಗುವುದಿಲ್ಲ. ಕಿರುಪರೀಕ್ಷೆಯಲ್ಲಿ ಒಮ್ಮೆ ಎರಡು, ಒಮ್ಮೆ ಸೊನ್ನೆ. ವಿಷಯ ಬದಲಾಯಿಸಲು ಇವತ್ತೇ ಕಡೆಯ ದಿನ, ಸಂಜೆ ನಾಲ್ಕರವರೆಗೆ. ಇವತ್ತೊಂದು ದಿನ ಕಳೆದರೆ ಸಾಕು ಎಂದು ಯಶೋಧಾ ವಾರದಿಂದ ಕಾಯುತ್ತಿದ್ದರು.

"ಆ ಪೇಪರ್ ಎಂತಕ್ಕೆ ಈಗ?"

"ಅದ್ರಲ್ಲಿ ಇಪ್ಪತ್ತೊಂದು ಬಂದಿತ್ತಲ್ಲ ಮೇಡಂ. ಆವತ್ತು ಬಂದಿದ್ದು ಈಗ ಎಂತಕ್ಕೆ ಬರ್ತಿಲ್ಲ ಅಂತ. ಯಾವ್ದು ಸರಿ ಮಾಡಿದ್ದೆ ಅಂತ ನೋಡಿದ್ರೆ, ಅಲ್ಲಿಂದ ಮತ್ತೆ ಶುರು ಮಾಡ್ತೀನಿ."

ದುಗ್ಗಮ್ಮ ಬೆಂಚಿನಿಂದಲೇ ಬಾಯಿ ಹಾಕಿದರು. "ರಾತ್ರಿ ಊಟ ಸಮಾ ಮಾಡದಿಲ್ಲ ಮೇಡಂ. ಕಷ್ಟ ಆದ್ರೆ ಆ ಗಿಡದ್ದೇ ಓದೇ ಅಂದ್ರೆ, ಮೇಡಂ ನಂಗೆ ಲೆಕ್ಕ ಬತ್ತದೆ ಅಂತ ಬರ್ದು ಹಾಕ್ಯಾರೆ, ನಾ ಎಂತಕ್ಕೆ ಬಿಡ್ಲಿ ಅಂತಾಳೆ. ನೀವೊಂದು ಮಾತು ಹೇಳಿ. ನಮ್ ಮಾತೆಲ್ಲ ಕೇಳದಿಲ್ಲ ಅವ್ಳು, ನೀವ್ ಹೇಳಿದ್ರೆ ಆಯ್ತು."

ಹಳೇ ಪೇಪರೆಲ್ಲ ರದ್ದಿಗೆ ಹೋಯಿತು ಎಂಬ ಮಾತು ಯಶೋಧಾ ಅವರ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಹುಡುಗಿ ನೋಟ್ ಪುಸ್ತಕ ತೆರೆದು ಮೇಜಿನ ಮೇಲಿಟ್ಟಳು. ಒಂದೇ ಲೆಕ್ಕವನ್ನು ಐದು ಪುಟ ಮಾಡಿದ್ದಳು. ದುಂಡಗಿನ ಅಕ್ಷರ, ಪ್ರತಿ ಸಲವೂ ಅದೇ ಮೂರನೇ ಸಾಲಿನವರೆಗೆ ಬಂದು ನಿಂತಿತ್ತು. ಯಶೋಧಾ ಅವರಿಗೆ ನಾಚಿಕೆಯಾಯಿತು. ಕೆಲಸ ಹೋಗುವ ಭಯಕ್ಕಿಂತ ದೊಡ್ಡದಾಗಿ ಬಂತು ಅದು. ಎದ್ದು ಬೀರು ತೆಗೆದು, ಕಟ್ಟು ಬಿಚ್ಚಿ, ಹಾಳೆಯನ್ನು ಅವಳ ಕೈಗೆ ಕೊಟ್ಟರು.

ಹಾಳೆಯ ಮೇಲೆ ಮೊತ್ತ ಬರೆಯುವ ಅಭ್ಯಾಸ ಅವರಿಗಿರಲಿಲ್ಲ, ಅದು ಪಟ್ಟಿಯಲ್ಲಿ ಮಾತ್ರ. ಉತ್ತರಗಳ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಬಿಡಿ ಅಂಕಗಳಿದ್ದವು. ಎರಡು, ಒಂದು, ಸೊನ್ನೆ, ಮೂರು, ಸೊನ್ನೆ, ನಾಲ್ಕು, ಎರಡು, ಸೊನ್ನೆ. ಚೈತ್ರಾ ಬೆರಳಿಟ್ಟು ಕೂಡುತ್ತ ಹೋದಳು.

"ಹನ್ನೆರಡು ಬರ್ತಿದೆ ಮೇಡಂ," ಎಂದಳು. "ನಾನೇ ಎಲ್ಲೋ ತಪ್ಪು ಕೂಡಿದೀನಿ."

ಮೇಲಿನಿಂದ ಕೂಡಿದ್ದನ್ನು ಕೆಳಗಿನಿಂದ ಕೂಡಿ ಪರೀಕ್ಷಿಸಬೇಕು ಎಂದು ಮೊದಲ ದಿನದ ತರಗತಿಯಲ್ಲಿ ಯಶೋಧಾ ಹೇಳಿಕೊಟ್ಟಿದ್ದರು. ಹುಡುಗಿ ಬೆರಳನ್ನು ಕೊನೆಯ ಸೊನ್ನೆಯ ಮೇಲಿಟ್ಟು ಕೆಳಗಿನಿಂದ ಶುರು ಮಾಡಿದಳು.

"ಕೂಡಿದ್ದು ಸರಿ ಇದೆ ಚೈತ್ರಾ," ಎಂದರು ಯಶೋಧಾ. "ಪಟ್ಟೀಲಿ ತಪ್ಪು ಬರ್ದಿದ್ದು ನಾನು."

"ಕಣ್ತಪ್ಪಾ ಮೇಡಂ?"

ಬಾಗಿಲು ತೆರೆದು ಕೊಟ್ಟ ಹಾಗೆ ಕೇಳಿದ್ದಳು. ಹೌದು ಎಂದರೆ ಮುಗಿದುಹೋಗುತ್ತಿತ್ತು.

"ಅಲ್ಲ," ಎಂದರು. "ಹದಿನೈದು ಜನ ಬೇಕಿತ್ತು. ನನ್ನ ಕೆಲ್ಸ ಉಳೀಲಿ ಅಂತ ಬರ್ದೆ."

ಹುಡುಗಿ ಅಳಲಿಲ್ಲ, ಸಿಟ್ಟಾಗಲೂ ಇಲ್ಲ. ಅವಳ ಭುಜ ಸ್ವಲ್ಪ ಇಳಿಯಿತು, ಅಷ್ಟೇ. ಯಶೋಧಾ ಡ್ರಾಯರಿನಿಂದ ವಿಷಯ ಬದಲಾವಣೆಯ ಅರ್ಜಿ ತೆಗೆದು, ಹೆಸರು, ನೋಂದಣಿ ಸಂಖ್ಯೆ ತಾವೇ ತುಂಬಿದರು. ಕಾರಣ ಎಂಬಲ್ಲಿ 'ಉಪನ್ಯಾಸಕರ ತಪ್ಪು' ಎಂದು ಬರೆದು ಕೆಳಗೆ ಸಹಿ ಹಾಕಿದರು.

"ಪ್ರಿನ್ಸಿಪಾಲರ ಹತ್ರ ತಗೊಂಡ್ಹೋಗು. ಇನ್ನೂ ಟೈಮಿದೆ."

"ಈ ಪೇಪರ್ ನಾನು ಇಟ್ಕೊಳ್ಳಾ ಮೇಡಂ?"

ಹನ್ನೊಂದು ವರ್ಷದಲ್ಲಿ ಒಂದು ಹಾಳೆಯೂ ಆ ಕೋಣೆಯಿಂದ ಹೊರಗೆ ಹೋಗಿರಲಿಲ್ಲ. ಗಣಿತಕ್ಕೆ ಈಗ ಮತ್ತೆ ಹದಿನಾಲ್ಕೇ ಜನ, ಮುಂದಿನ ವರ್ಷ ಆ ಪ್ರಶ್ನೆಗಳನ್ನು ಇಲ್ಲಿ ಯಾರೂ ಕೇಳುವುದಿಲ್ಲ. "ಇಟ್ಕೋ," ಎಂದರು.

ಅವಳು ಅರ್ಜಿ ಹಿಡಿದು ಹೋದ ಮೇಲೆ ದುಗ್ಗಮ್ಮ ಚೀಲ ಹಿಡಿದು ಒಳಗೆ ಬಂದರು. ಏನು ಮಾತಾಯಿತೆಂದು ಅವರಿಗೆ ಸರಿಯಾಗಿ ಕೇಳಿಸಿರಲಿಲ್ಲ, ಕೇಳಲೂ ಇಲ್ಲ.

"ಹೇಳಿದ್ರಲ್ಲ, ಪುಣ್ಯ ಬರ್ಲಿ ನಿಮ್ಗೆ," ಎಂದು, ಮುಚ್ಚಳ ತೆಗೆದ ಡಬ್ಬಿಯ ಪಕ್ಕದಲ್ಲಿ ಚೀಲ ಬಿಚ್ಚಿದರು. ಒಂದೊಂದೇ ಸೌತೆಕಾಯಿಯನ್ನು ಉಗುರಿನಿಂದ ಒತ್ತಿ ನೋಡಿ, ಬಲಿತದ್ದನ್ನು ಚೀಲಕ್ಕೇ ಹಾಕಿಕೊಂಡು, ಎಳೆಯವನ್ನು ಮಾತ್ರ ಮೇಜಿನ ಮೇಲೆ ಇಡತೊಡಗಿದರು.